ದೇವರ ಮನೆಗೆ ಬಂದ ಕೋರೆಹಲ್ಲು

"ಹಂದೀದು ಅಂದ್ರೆ ಹಂದೀದು. ಎತ್ಕೊಂಡು ಆಚೆ ನಡಿ."

"ಹುಲೀದು ಭಾವ. ನಿಮಗೆ ಹೊಟ್ಟೆಕಿಚ್ಚು, ಅಷ್ಟೆ."

ನನ್ನ ಬಾಮೈದ ಬಸವಪ್ರಸಾದ್ ಬೆಳಗ್ಗೆ ತಲಘಟ್ಟಪುರದ ಕಡೆ ವಾಕಿಂಗ್ ಹೋಗಿ, ಒಣಗಿದ ಹಳ್ಳದ ಮರಳಿನಲ್ಲಿ ಬೆರಳುದ್ದದ ಬಾಗಿದ ಹಲ್ಲೊಂದನ್ನು ಹೆಕ್ಕಿದ್ದ. ಅಕ್ಕನ ಕೈಯಲ್ಲಿ ಪೂಜೆಯಾಗಲಿ ಎಂದು ಬನಶಂಕರಿಯ ನಮ್ಮ ಮನೆಗೆ ತಂದು, ನನ್ನನ್ನು ಕೇಳದೆ ದೇವರ ಮನೆಯಲ್ಲಿ ವಿಭೂತಿ ಗಟ್ಟಿಯ ಪಕ್ಕ ಇಟ್ಟಿದ್ದ. ನಾಳೆ ಅವನ ಮೊಮ್ಮಗಳ ನಾಮಕರಣ. ಹುಲಿಹಲ್ಲಿಗೆ ಚಿನ್ನ ಕಟ್ಟಿಸಿ ಮಗುವಿನ ಕೊರಳಿಗೆ ಹಾಕುತ್ತೇನೆಂದು ಬೀಗರಿಗೆ ಫೋನು ಮಾಡಿ ಆಗಿತ್ತು. ಜಯನಗರದ ಅಕ್ಕಸಾಲಿಗನಿಗೂ ಹೇಳಿ ಆಗಿತ್ತು.

ನಾನು ಹಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದೆ. "ಹುಲಿ ಕೋರೆ ದುಂಡಗಿರುತ್ತೆ ಕಣೋ. ಇದು ಮೂರು ಮೂಲೆ. ತುದಿ ನೋಡು, ಮೇಲಿನ ಕೋರೆಗೆ ಉಜ್ಜಿ ಉಜ್ಜಿ ಮಚ್ಚು ಮಸೆದ ಹಾಗೆ ಸವೆದಿದೆ. ಬುಡ ಟೊಳ್ಳು. ಕಾಡುಹಂದೀದು."

ಅವನು ನಕ್ಕ. "ಇಷ್ಟೊಂದು ಹೆಂಗೆ ಗೊತ್ತು ಭಾವ? ಎಲ್ಲಿ ನೋಡಿದ್ರಿ, ತಟ್ಟೇಲಾ?"

ಅಡುಗೆಮನೆಯಲ್ಲಿ ಒಬ್ಬಟ್ಟು ತಟ್ಟುವ ಸದ್ದು ನಿಂತಿತು. ನನ್ನ ಹೆಂಡತಿ ಸರ್ವಮಂಗಳಾ ಕಣಕದ ಕೈಯಲ್ಲೇ ಬಂದಳು. ಮೊಟ್ಟೆ ಅಂಗಡಿಯ ಮುಂದೆ ಹಾದುಬಂದರೂ ಕಾಲು ತೊಳೆಸುವವಳು.

"ಹೌದು ರೀ, ಹೆಂಗೆ ಗೊತ್ತು?"

"ನಮ್ಮೂರ ಸ್ಕೂಲಲ್ಲಿ ದವಡೆ ಇತ್ತು ಕಣೆ. ಕಡ್ಲೆಕಾಯಿ ಹೊಲಕ್ಕೆ ನುಗ್ಗಿ ಸತ್ತಿದ್ದು. ಮೇಷ್ಟ್ರು ಬೀರು ಮೇಲೆ ಇಟ್ಟಿದ್ರು."

"ದವಡೆ ಮೇಷ್ಟ್ರಿಗೆ. ಮಿಕ್ಕಿದ್ದು ಯಾರಿಗೆ?" ಎಂದ ಬಸವಪ್ರಸಾದ್.

ನನಗೆ ಮೈ ಉರಿಯಿತು. "ಲೋ, ಹುಲೀದೇ ಅಂತಿಟ್ಕೋ. ಹುಲಿಹಲ್ಲು ಇಟ್ಕೊಂಡ್ರೆ ಫಾರೆಸ್ಟ್‌ನವರು ಬಿಡ್ತಾರಾ? ನಾಳೆ ಬೀಗರ ಕಡೆ ಯಾರಾದ್ರೂ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕ್ಲಿ. ಮಗು ತೊಟ್ಟಿಲಲ್ಲಿ, ತಾತ ಸ್ಟೇಷನ್ನಲ್ಲಿ."

ಅವನ ಮುಖ ಸಪ್ಪಗಾಯಿತು. "ಹಂಗಂತ ಹಂದೀದು ಅಂತ ಹೇಳಿ ಹಾಕ್ಲಾ? ಲಿಂಗ ಕಟ್ಟೋ ಕೊರಳಿಗೆ? ಬೀಗರಿಗೆ ಏನು ಹೇಳ್ಲಿ ಭಾವ?"

"ಕಳೆದುಹೋಯ್ತು ಅನ್ನು," ಎಂದಳು ಸರ್ವಮಂಗಳಾ. ಆಗಲೇ ಬಕೆಟ್ಟು ತಂದು ದೇವರ ಮನೆ ತೊಳೆಯತೊಡಗಿದ್ದಳು. "ಮೊದ್ಲು ಹೋಗಿ ಆ ಹಳ್ಳಕ್ಕೇ ಹಾಕಿ ಬಾ. ಒಬ್ಬಟ್ಟು ಬಿಸಿ ಇದೆ. ನಿಮ್ಮೂರ ಸ್ಕೂಲಿನ ವಿಷಯ ನಾನು ಆಮೇಲೆ ಕೇಳ್ತೀನಿ ರೀ."

ಅವನು ಹಲ್ಲನ್ನು ಕರ್ಚೀಫಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಹುಷಾರಾಗಿ ಜೇಬಿಗಿಟ್ಟುಕೊಂಡ. "ಬಂದ್ಬಿಡ್ತೀನಿ ಅಕ್ಕ, ತಟ್ಟೆ ಹಾಕಿರು," ಎಂದು ಸ್ಕೂಟರ್ ಹತ್ತಿದ.

ನಾನು ಗೇಟಿನಲ್ಲಿ ನಿಂತು ನೋಡಿದೆ. ತಲಘಟ್ಟಪುರಕ್ಕೆ ನಮ್ಮ ಬೀದಿಯಿಂದ ಎಡಕ್ಕೆ ತಿರುಗಬೇಕು. ಅವನು ಬಲಕ್ಕೆ, ಜಯನಗರದ ಕಡೆಗೆ ತಿರುಗಿದ.

"ಬಂದ್ನಾ?" ಎಂದು ಅವಳು ಒಳಗಿನಿಂದ ಕೇಳುತ್ತಲೇ ಇದ್ದಳು. ನಾನು ಅವನ ತಟ್ಟೆಯ ಮುಂದೆ ಕೂತು, ಒಬ್ಬಟ್ಟಿಗೆ ತುಪ್ಪ ಹಾಕಿಕೊಂಡೆ.