ಕಂಕುಳಲ್ಲಿ ಕಾದ ಕಂಟ್ರೋಲ್

ಇದು ನಿಜವಾಗಿ ನಡೆದದ್ದು. ಸುಳ್ಳು ಹೇಳಬೇಕಾದಾಗ ನಾನು ಬೇರೆಯವರ ಗಂಟಲು ಬಳಸುತ್ತೇನೆ. ಇಲ್ಲಿ ಬಳಸುತ್ತಿರುವುದು ನನ್ನದೇ, ಹಾಗಾಗಿ ನಂಬಬಹುದು.

ದನಿ ಕದಿಯುವುದು ನನಗಿರುವ ಏಕೈಕ ಪ್ರತಿಭೆ. ಮನೆಯಲ್ಲಿ ಅಪ್ಪನ ದನಿಯಲ್ಲಿ ಟೀ ಕೇಳಿ, ಅಮ್ಮ ತಂದಿಟ್ಟ ಲೋಟವನ್ನು ನಾನೇ ಖಾಲಿ ಮಾಡುತ್ತಿದ್ದೆ. ಸಂಶೋಧನೆಗೆ ಸೇರಿದ ಮೇಲೆ ನನ್ನ ಗೈಡ್ ಆದ ಮೇಡಂ ದನಿ ಕಲಿತೆ. ಅದು ಸುಲಭ. ಎರಡು ಸಲ ಕೆಮ್ಮಿ "ನೋಡೀ" ಎನ್ನಬೇಕು, ಕೊನೆಗೆ "ಆಯ್ತಲ್ಲಾ" ಎಂದು ಎಳೆಯಬೇಕು. ನಡುವೆ ಏನು ತುಂಬಿದರೂ ಅದು ಅಪ್ಪಣೆ.

ನನ್ನ ಉದ್ಯೋಗ ಪಾಚಿಗೆ ಸೆಕೆ ಹುಟ್ಟಿಸುವುದು. ಒಂದೇ ಜೀವಕೋಶದ ಹಸಿರು ಪಾಚಿ ಅದು. ಸೆಕೆಯಾದರೆ ಬೀಸಣಿಗೆ ಹಿಡಿಯಲು ಕೈಯಿಲ್ಲ. ಬಿಸಿ ಏರಿದಂತೆ ಅದರೊಳಗಿನ ಪ್ರೋಟೀನುಗಳು ಆಕಾರಗೆಟ್ಟು ಒಂದಕ್ಕೊಂದು ಅಂಟಿಕೊಳ್ಳತೊಡಗುತ್ತವೆ. ಆಗ ಪಾಚಿ ಬೇರೆ ಕೆಲಸ ಬದಿಗಿಟ್ಟು ಕಾವಲು ಪ್ರೋಟೀನುಗಳನ್ನು ತಯಾರಿಸುತ್ತದೆ. ಅವು ಮುದುಡಿದವರ ರಟ್ಟೆ ಹಿಡಿದು ನೆಟ್ಟಗೆ ಕೂರಿಸುತ್ತವೆ. ಇದನ್ನು ತೋರಿಸಲು ಒಂದೇ ಪಾಚಿಯನ್ನು ಎರಡು ಟ್ಯೂಬುಗಳಿಗೆ ಹಂಚುತ್ತೇವೆ. ಒಂದು ಟ್ಯೂಬು ನಲವತ್ತೆರಡು ಡಿಗ್ರಿಯ ನೀರಿನಲ್ಲಿ ಒಂದು ಗಂಟೆ ಕೂರುತ್ತದೆ. ಕಂಟ್ರೋಲ್ ಎಂದು ಕರೆಸಿಕೊಳ್ಳುವ ಇನ್ನೊಂದು ಟ್ಯೂಬು ಅಷ್ಟೂ ಹೊತ್ತು ಇಪ್ಪತ್ತೈದು ಡಿಗ್ರಿಯ ತಂಪು ಕೋಣೆಯಲ್ಲಿ ಆರಾಮಾಗಿರುತ್ತದೆ. ಆಮೇಲೆ ಎರಡರ ಪ್ರೋಟೀನನ್ನೂ ಜೆಲ್ ಎಂಬ ಲೋಳೆ ಹಾಳೆಯ ಮೇಲೆ ಕರೆಂಟು ಹಾಯಿಸಿ ಓಡಿಸಿ ನೀಲಿ ಬಣ್ಣ ಹಾಕಿದರೆ, ಕಾವಲು ಪ್ರೋಟೀನಿನ ಪಟ್ಟೆ ಬೆಂದವನ ಸಾಲಿನಲ್ಲಿ ದಪ್ಪಗೆ ಕಾಣಬೇಕು, ಕಂಟ್ರೋಲ್ ಸಾಲಿನಲ್ಲಿ ಕಂಡೂ ಕಾಣದಂತಿರಬೇಕು.

ತಂಪು ಕೋಣೆ ನೋಡಿಕೊಳ್ಳುವವರು ಫ್ಲಾಸ್ಕಣ್ಣ, ನಮ್ಮ ಲ್ಯಾಬಿನ ಹಳೆಯ ಅಟೆಂಡರ್. ಮೇಡಂ ಮಾತೆಂದರೆ ಅವರು ಎರಡನೇ ಪ್ರಶ್ನೆ ಕೇಳುವವರಲ್ಲ. ಕಳೆದ ತಿಂಗಳು ಒಂದು ಮಧ್ಯಾಹ್ನ ಕೈ ಖಾಲಿಯಿತ್ತು, ಬಾಯಿ ತುರಿಸುತ್ತಿತ್ತು. ಪಕ್ಕದ ಕೋಣೆಯಿಂದ ಇಂಟರ್‌ಕಾಮ್ ಒತ್ತಿದೆ.

"ನೋಡೀ, ಆ ಕಂಟ್ರೋಲ್ ಟ್ಯೂಬು ತಂಪಲ್ಲಿ ನಡುಗುತ್ತೆ ಪಾಪ. ಪ್ರತಿ ಸಲ ಆ ಒಂದು ಗಂಟೆ ಅದನ್ನ ಕಂಕುಳಲ್ಲಿ ಇಟ್ಕೊಳ್ಳಿ, ಆಯ್ತಲ್ಲಾ."

"ಆಯ್ತು ಮೇಡಂ" ಎಂದರು ಫ್ಲಾಸ್ಕಣ್ಣ.

ಅವರು ನಗುತ್ತಲೋ ಬೈಯುತ್ತಲೋ ಬಂದೇ ಬರುತ್ತಾರೆಂದು ಬಾಗಿಲ ಹಿಂದೆ ಕಾದೆ. ಬರಲಿಲ್ಲ. ಅಷ್ಟರಲ್ಲಿ ಯಾರೋ ಸೆಮಿನಾರಿಗೆ ಎಳೆದುಕೊಂಡು ಹೋದರು. ಅಲ್ಲಿ ನಿದ್ದೆ ಮಾಡಿ ಎದ್ದಾಗ ನನ್ನ ಕುಚೇಷ್ಟೆ ನನಗೇ ಮರೆತುಹೋಗಿತ್ತು.

ಮುಂದಿನ ಜೆಲ್ಲಿನಲ್ಲಿ ಕಂಟ್ರೋಲ್ ಸಾಲಿನಲ್ಲೂ ಪಟ್ಟೆ ಮೂಡಿತು. ಅದರ ಮುಂದಿನದರಲ್ಲೂ ಮೂಡಿತು. ಬುದ್ಧಿಯಿದ್ದವನು ಥರ್ಮಾಮೀಟರ್ ಹುಡುಕುತ್ತಿದ್ದ. ನಾನು ಸಿದ್ಧಾಂತ ಹುಡುಕಿದೆ: ಒಡಹುಟ್ಟಿದವನು ಬೇಯುತ್ತಿರುವುದು ದೂರದಲ್ಲಿರುವ ಪಾಚಿಗೆ ಹೇಗೋ ತಿಳಿಯುತ್ತದೆ! ಕನ್ನಡಿಯ ಮುಂದೆ ಬಹುಮಾನ ಸ್ವೀಕರಿಸುವ ಅಭ್ಯಾಸವನ್ನೂ ಮಾಡಿದೆ. ಮೇಡಂ ಮೊದಲು ಹುಬ್ಬು ಗಂಟಿಕ್ಕಿದರು. ಮೂರನೇ ಸಲವೂ ಪಟ್ಟೆ ಬಂದಾಗ, ಶುಕ್ರವಾರದ ಸಮಿತಿಯ ಮುಂದೆ ಇದನ್ನು ತಾವೇ ಮಂಡಿಸುವುದಾಗಿ ಹೇಳಿದರು. ಸಮಿತಿ ಒಪ್ಪಿದರೆ ನನ್ನ ಫೆಲೋಶಿಪ್ ಇನ್ನೊಂದು ವರ್ಷ. ಒಪ್ಪದಿದ್ದರೆ ಮೇಜು ಖಾಲಿ ಮಾಡಿ ಮನೆಗೆ.

ಗುರುವಾರ ಬೆಳಗ್ಗೆ ಕೊನೆಯ ಜೆಲ್ಲಿಗೆ ತಯಾರಿ ನಡೆದಿತ್ತು. ಪೆನ್ನು ಹುಡುಕುತ್ತಾ ತಂಪು ಕೋಣೆಗೆ ಹೋದೆ. ಫ್ಲಾಸ್ಕಣ್ಣ ಸ್ಟೂಲಿನ ಮೇಲೆ ಎಡಗೈಯನ್ನು ಪಕ್ಕೆಗೆ ಒತ್ತಿ ಕೂತಿದ್ದರು. ಭುಜ ನೋವಾ ಎಂದು ಕೇಳಿದೆ.

"ಮಾತಾಡಿಸ್ಬೇಡ ತಮ್ಮಾ. ಇನ್ನೂ ಹನ್ನೆರಡು ನಿಮಿಷ ಇದೆ."

ಅವರ ಅಂಗಿಯ ತೋಳಿನಿಂದ ನನ್ನ ಕಂಟ್ರೋಲ್ ಟ್ಯೂಬಿನ ಮುಚ್ಚಳ ಇಣುಕುತ್ತಿತ್ತು. ಇಪ್ಪತ್ತೈದು ಡಿಗ್ರಿಯಲ್ಲಿರಬೇಕಾದ ನನ್ನ ಮಹಾಶೋಧ ಮನುಷ್ಯನ ಮೈಬಿಸಿಯಲ್ಲಿ ಮೂರು ವಾರದಿಂದ ಕಾವು ಪಡೆಯುತ್ತಿತ್ತು. ಕಂಟ್ರೋಲ್ ತಪ್ಪಿದ್ದು ಪಾಚಿಯದಲ್ಲ, ನನ್ನ ನಾಲಿಗೆಯದು.

ಬಾಯಿ ಮುಚ್ಚಿಕೊಂಡಿದ್ದರೆ ಫೆಲೋಶಿಪ್ ಉಳಿಯುತ್ತಿತ್ತೇನೋ. ಆದರೆ ಸಮಿತಿಯ ಎದುರು ನಿಂತು ಕಂಕುಳ ಬಿಸಿಯನ್ನು ಪಾಚಿಯ ಅಂತರ್ಜ್ಞಾನವೆಂದು ವಾದಿಸಬೇಕಾದವರು ಮೇಡಂ. ಅವರ ದನಿಯಲ್ಲಿ ನಾನು ಸುಳ್ಳು ಹೇಳಿದ್ದು ಸಾಲದೆ, ಅವರ ದನಿಯಿಂದಲೇ ಸುಳ್ಳು ಹೇಳಿಸುವುದೇ? ಅವರ ಕೋಣೆಗೆ ಹೋಗಿ ಎಲ್ಲ ಒಪ್ಪಿಕೊಂಡೆ. ನನ್ನ ಮೈ ಧಗಧಗ ಎನ್ನುತ್ತಿತ್ತು, ಒಂದು ಕಾವಲು ಪ್ರೋಟೀನೂ ಸಹಾಯಕ್ಕೆ ಬರಲಿಲ್ಲ.

ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಫ್ಲಾಸ್ಕಣ್ಣನನ್ನು ಕರೆಸಿ, ಅವತ್ತು ಅಂದದ್ದನ್ನೇ ಅದೇ ದನಿಯಲ್ಲಿ ಅನ್ನು ಎಂದರು. ಅಂದೆ. ದನಿ ಮೇಡಂ ಅವರದು, ತುಟಿ ಆಡಿದ್ದು ನನ್ನದು. ಫ್ಲಾಸ್ಕಣ್ಣ ಇಬ್ಬರನ್ನೂ ಸರದಿಯಂತೆ ನೋಡಿದರು. ಕೈ ತಾನಾಗಿಯೇ ಕಂಕುಳಿಗೆ ಹೋಯಿತು.

"ಮೂರು ವಾರ" ಎಂದರು ಮೆಲ್ಲಗೆ. "ಕೆರೆದುಕೊಳ್ಳದೇ ಕೂತಿದ್ನಲ್ಲೋ ತಮ್ಮಾ."

ತಪ್ಪಾಯ್ತು ಎಂದು ಕೈ ಮುಗಿದೆ.

"ಹಾಗಿದ್ರೆ ಅದೇ ಮೇಡಂ ದನೀಲಿ ಇನ್ನೊಂದು ಮಾತು ಹೇಳು. ಮೊಮ್ಮಗಳು ಹೆಜ್ಜೆ ಇಡ್ತಿದಾಳಂತೆ, ಮಗಳು ದಿನಾ ಫೋನ್ ಮಾಡ್ತಾಳೆ. ನಿನ್ನ ಜೆಲ್ ಮುಗೀಲಿ, ನಿನ್ನ ಜೆಲ್ ಮುಗೀಲಿ ಅಂತ ನನ್ನ ರಜೆ ಮುಂದಕ್ಕೆ ಹೋಗ್ತಾನೇ ಇದೆ."

ಮೇಡಂ ಕಡೆ ನೋಡಿದೆ. ಅವರು ಕಿಟಕಿಯ ಕಡೆ ತಿರುಗಿದ್ದರು. ಧೈರ್ಯ ಮಾಡಿ ಎರಡು ಸಲ ಕೆಮ್ಮಿದೆ.

"ನೋಡೀ, ನಾಳೆಯಿಂದ ಹದಿನೈದು ದಿನ ಹೋಗ್ಬನ್ನಿ, ಆಯ್ತಲ್ಲಾ."

ಕಿಟಕಿಯ ಕಡೆಯಿಂದ ಒಂದು ಉತ್ತರ ಬಂತು. ಮೂಗಿನಲ್ಲಿ ಹುಟ್ಟಿ, ಗಂಟಲಲ್ಲಿ ಎಡವಿ, ಪ್ರತಿ ಮಾತಿಗೂ ಮೇಡಂ ಮೇಡಂ ಎಂದು ಗೋಗರೆಯುವ ದನಿ:

"ಮೇಡಂ, ಅಷ್ಟೂ ದಿನ ಸೀಸೆಗಳನ್ನೆಲ್ಲ ನಾನೇ ತೊಳೀತೀನಿ ಮೇಡಂ. ನಾಳೆ ಸಮಿತಿಯವ್ರಿಗೆ ನಿಜ ಹೇಳಿ, ಪ್ರಯೋಗ ಮತ್ತೆ ಮಾಡೋಕೆ ಮೂರು ತಿಂಗಳು ಟೈಮ್ ಕೊಡಿ ಅಂತ ನಾನೇ ಕಾಲಿಗೆ ಬೀಳ್ತೀನಿ ಮೇಡಂ."

ಮೇಡಂ ಬಾಯಿಂದ ಬಂದದ್ದು ನಾನೇ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಇಷ್ಟು ವರ್ಷ ಊರವರ ದನಿಯನ್ನೆಲ್ಲ ಆಡಿದವನಿಗೆ ತನ್ನ ದನಿ ಇಷ್ಟು ಪೆದ್ದಾಗಿದೆಯೆಂದು ಗೊತ್ತೇ ಇರಲಿಲ್ಲ. ಮೇಡಂ ಭುಜ ಕುಲುಕತೊಡಗಿತು, ನನಗೂ ತಡೆಯಲಾಗಲಿಲ್ಲ. ಆದರೆ ನಮ್ಮಿಬ್ಬರ ನಗುವೂ ಕೇಳಿಸದಂತೆ ನಕ್ಕವರು ಫ್ಲಾಸ್ಕಣ್ಣ. ಗೋಡೆಗೊರಗಿ, ಕಣ್ಣೊರೆಸಿಕೊಂಡು, ಮೂರು ವಾರದಲ್ಲಿ ಮೊದಲ ಸಲ ಎರಡೂ ತೋಳು ಬಿಚ್ಚಿ ನಗುತ್ತಿದ್ದರು.