ಹುಣ್ಣಿಮೆ ಸಂಜೆ ನೋಡಿ ಬಂದ ಮನೆ

"ಮಗನಿಗೆ ಮದುವೆ ಗೊತ್ತಾಗಿದೆ ಕಣಪ್ಪಾ, ಮನೆ ನಮಗೇ ಬೇಕು" ಎಂದು ಮನೆ ಓನರ್ ಅಜ್ಜಿ ಬಂದು ಹೇಳಿದಾಗ ವಿನ್ ತಲೆ ಕೆರೆದುಕೊಂಡ. ಅಜ್ಜಿಯದೇನೂ ತಪ್ಪಿಲ್ಲ. ಆದರೆ ಸೈಗಾನ್‌ನಂಥ ಊರಿನಲ್ಲಿ ಬಾಡಿಗೆ ಮನೆ ಹುಡುಕುವ ಪಾಡು ಹುಡುಕಿದವರಿಗೇ ಗೊತ್ತು.

ವಿನ್ ಗಲ್ಲಿಯ ಮೂಲೆಯಲ್ಲಿ ಕೂತು ಬೈಕ್ ರಿಪೇರಿ ಮಾಡುವವನು. ಹೆಂಡತಿ ಲಾಯ್‌ಗೆ ಹತ್ತಿರದ ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಗೆ ಕಾಲರ್ ಕೂರಿಸುವ ಕೆಲಸ. ಅವಳ ಕೈ ಎಷ್ಟು ಚುರುಕೆಂದರೆ, ಬರುವ ತಿಂಗಳಿಂದ ಅವಳನ್ನೇ ಸೂಪರ್‌ವೈಸರ್ ಮಾಡುತ್ತೇವೆ ಎಂದು ಕಾರ್ಖಾನೆಯವರು ಹೇಳಿದ್ದರು. ಒಂದೇ ಒಂದು ಮಾತು: ತಡವಾಗಿ ಬರುವ ಹಾಗಿಲ್ಲ. ಈ ದಿನಕ್ಕಾಗಿ ಲಾಯ್ ಎಷ್ಟು ವರ್ಷ ಕಾದಿದ್ದಳೋ! ಮಗಳು ಬೋಂಗ್ ಕೂಡ ಕಾರ್ಖಾನೆ ಪಕ್ಕದ ಶಿಶುವಿಹಾರಕ್ಕೇ ಹೋಗುತ್ತಿದ್ದಳು.

ಭಾನುವಾರ ಬೆಳಗ್ಗೆ ಮನೆ ಹುಡುಕಲು ಹೋದ ವಿನ್ ಮಧ್ಯಾಹ್ನ ಹಲ್ಲು ಕಿರಿಯುತ್ತ ಬಂದ. ಬಾಗಿಲಲ್ಲಿ ಪಕ್ಕದ ಮನೆಯ ಕ್ವೆನ್ ಅಕ್ಕ ಲಾಯ್ ಜೊತೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ಇಬ್ಬರದೂ ಒಂದೇ ಕಾರ್ಖಾನೆ.

"ಸಿಕ್ತು ಕಣೇ! ನ್ಯಾಬೆ ಕಡೆ, ನದಿ ಹತ್ರ. ಬೇರೆ ಅಡುಗೆಮನೆ, ಟೈಲ್ಸ್ ನೆಲ, ಮುಂದೆ ಗೇಟು. ಬಾಡಿಗೆ ಇದಕ್ಕಿಂತ ಕಮ್ಮಿ! ಇಲ್ಲಿಂದ ಸುಯ್ ಅಂತ ಹೋಗಿ ಸುಯ್ ಅಂತ ಬಂದೆ. ನಾಳೆನೇ ಅಡ್ವಾನ್ಸ್ ಕೊಡ್ತೀನಿ."

"ಭಾನುವಾರ ಬೆಳಗ್ಗೆ ಎಲ್ಲಾ ರಸ್ತೆನೂ ಸುಯ್ ಅನ್ನುತ್ತೆ" ಎಂದಳು ಕ್ವೆನ್ ಅಕ್ಕ, ಸೊಪ್ಪಿನಿಂದ ಕಣ್ಣೆತ್ತದೆ. "ಅಡ್ವಾನ್ಸ್ ಕೊಡೋಕೆ ಮುಂಚೆ, ಹುಣ್ಣಿಮೆ ದಿನ ಸಂಜೆ ಕಾರ್ಖಾನೆ ಬಿಟ್ಟಾಗ ಹೆಂಡ್ತಿ ಮಗು ಕೂರಿಸ್ಕೊಂಡು ಒಂದ್ಸಲ ಹೋಗು."

"ಹುಣ್ಣಿಮೆ ಯಾಕಕ್ಕಾ? ಚಂದ್ರನ್ನ ನೋಡೋಕಾ?"

"ನೀರು ನೋಡೋಕೆ ಕಣಪ್ಪಾ. ಸಮುದ್ರ ಉಕ್ಕಿದ್ರೆ ನದಿ ಸುಮ್ನಿರುತ್ತಾ?"

"ಅಯ್ಯೋ, ನೆಲ ಒಣಗಿ ಕಟಕಟ ಅಂತಿತ್ತು. ಅಕ್ಕಾ, ನೀವು ನಲ್ಲಿ ನೀರಿಗೂ ಹೆದರೋರು."

ಕ್ವೆನ್ ಅಕ್ಕ ನಕ್ಕಳು, ಮುನಿಸಿಕೊಳ್ಳಲಿಲ್ಲ. ನಾಲ್ಕಾರು ಮನೆ ಬದಲಾಯಿಸಿದ ಹೆಂಗಸು ಅವಳು. ಯಾರು ಕೇಳಲಿ ಬಿಡಲಿ, ಸರಿ ಅನ್ನಿಸಿದ್ದನ್ನು ಹೇಳಿಬಿಡುವವಳು. ಲಾಯ್ ಮಾತ್ರ ಮೆಲ್ಲಗೆ, "ರೀ, ನೋಡ್ಕೊಂಡು ಬರೋದಕ್ಕೇನು ಬಾಡಿಗೆ ಕೇಳ್ತಾರಾ?" ಎಂದಳು. ವಿನ್ ಗೊಣಗುತ್ತ ಒಪ್ಪಿಕೊಂಡ.

ಹುಣ್ಣಿಮೆ ಬಂತು. ಕಾರ್ಖಾನೆ ಬಿಟ್ಟ ಕೂಡಲೇ ವಿನ್ ಬೈಕಿನ ಮೇಲೆ ಮೂವರೂ ಹೊರಟರು, ಬೋಂಗ್ ಮಧ್ಯದಲ್ಲಿ. ಕ್ವೆನ್ ಅಕ್ಕ ತನ್ನ ಸ್ಕೂಟರಿನಲ್ಲಿ ಹಿಂದೆ. ದೊಡ್ಡ ರಸ್ತೆಗೆ ಬಿದ್ದದ್ದೇ ತಡ, ಬಂದರಿಗೆ ಹೋಗುವ ಕಂಟೇನರ್ ಲಾರಿಗಳು ಎಡಕ್ಕೊಂದು, ಬಲಕ್ಕೊಂದು. ಬೈಕುಗಳು ಒಂದಿಂಚೂ ಸರಿಯವು. ಲಾಯ್ ಗಂಡನ ಅಂಗಿ ಬಿಗಿಯಾಗಿ ಹಿಡಿದಳು. "ಅಪ್ಪಾ, ಲಾರಿ ನಮ್ನ ತಿನ್ನುತ್ತಾ?" ಎಂದು ಬೋಂಗ್ ಕೇಳಿದಳು. ಭಾನುವಾರ ಒಂದು ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಮುಟ್ಟಿದ್ದ ದಾರಿ ಈಗ ಮುಗಿಯುವಂತೆಯೇ ಕಾಣಲಿಲ್ಲ. ತಲುಪುವಾಗ ಕತ್ತಲಾಗಿತ್ತು.

ಮುಖ್ಯ ರಸ್ತೆಯಿಂದ ಒಳಕ್ಕೆ ಒಂದೂ ಬೀದಿದೀಪವಿಲ್ಲ. ಗಲ್ಲಿಗೆ ತಿರುಗಿದರೆ ನೆಲವೇ ಇಲ್ಲ, ಬರೀ ನೀರು! ಮೋರಿಗಳಿಂದ ಗುಳುಗುಳು ಎಂದು ಏರುತ್ತಿತ್ತು. ಬೈಕ್ ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ರಿಪೇರಿಯವನಿಗೇ ಬೈಕು ಕೈಕೊಟ್ಟಿತು!

ಮೆಟ್ಟಿಲ ಮೇಲೆ ಕಾಲೆತ್ತಿ ಕೂತಿದ್ದ ಮುದುಕನೊಬ್ಬ ನಕ್ಕ. "ಮನೆ ನೋಡೋಕೆ ಬಂದ್ರಾ? ಭಾನುವಾರ ಬರೋದಲ್ವಾ, ಎಷ್ಟು ಚೆನ್ನಾಗಿರುತ್ತೆ! ನಾವೂ ಭಾನುವಾರವೇ ಬಂದು ನೋಡಿದ್ದು." ವಿನ್ ಸ್ಪ್ಯಾನರ್ ತೆಗೆದು ಪ್ಲಗ್ ಒರೆಸಿ ಬೈಕ್ ಚಾಲೂ ಮಾಡಿದ್ದನ್ನು ಕಂಡು ಮುದುಕ ಹುಬ್ಬೇರಿಸಿದ. "ಓಹೋ, ರಿಪೇರಿ ಗೊತ್ತಾ? ಹಾಗಾದ್ರೆ ಬಂದುಬಿಡಪ್ಪಾ. ನೀರು ಬಂದಾಗೆಲ್ಲ ನಿನಗೆ ಹಬ್ಬ!"

ಮಾತು ಸುಳ್ಳಲ್ಲ. ಗಲ್ಲಿಯುದ್ದಕ್ಕೂ ಕೆಟ್ಟು ನಿಂತ ಬೈಕುಗಳು. ವಿನ್‌ನ ಕಣ್ಣು ಅರಳಿತು. ಇಲ್ಲೇ ಒಂದು ಅಂಗಡಿ ಹಾಕಿದರೆ ಹೇಗೆ ಎಂದು ಮನಸ್ಸು ಲೆಕ್ಕ ಹಾಕತೊಡಗಿತು.

ಅಷ್ಟರಲ್ಲಿ ಹೆಂಗಸರ ಗುಂಪೊಂದು ಟಾರ್ಚ್ ಹಿಡಿದು ನೀರಿನಲ್ಲಿ ಬಂತು. ಮುಂದಿದ್ದವಳು ಕಂಕುಳಲ್ಲಿ ಮಗು ಹೊತ್ತು, ಚಪ್ಪಲಿ ಕೈಯಲ್ಲಿ ಹಿಡಿದು, ಮೋರಿಯ ಅಂಚನ್ನು ಕಾಲ್ಬೆರಳಲ್ಲಿ ತಡಕುತ್ತ ಹೆಜ್ಜೆಯಿಡುತ್ತಿದ್ದಳು. ಕ್ವೆನ್ ಅಕ್ಕ ಪ್ಯಾಂಟ್ ಮಡಚಿ ನೀರಿಗಿಳಿದು ಅವಳ ಜೊತೆಗೇ ನಡೆದಳು.

"ದಿನಾ ಹೀಗೇನಾ ತಂಗೀ?"

"ದಿನಾ ಇಲ್ಲಕ್ಕಾ. ಹುಣ್ಣಿಮೆ, ಅಮಾವಾಸ್ಯೆ ಹತ್ರ ಬಂದಾಗ. ನೀರಿಗೆ ನಾವು ಹೆದರಲ್ಲ, ಕತ್ತಲೆಗೇ ಭಯ. ಅದಕ್ಕೇ ಬಸ್ ಸ್ಟಾಪಲ್ಲಿ ಒಬ್ಬರಿಗೊಬ್ಬರು ಕಾದು ಒಟ್ಟಿಗೇ ಬರ್ತೀವಿ. ಒಬ್ಬಳನ್ನೂ ಹಿಂದೆ ಬಿಡಲ್ಲ."

"ಕೆಲಸ ಎಲ್ಲಿ? ನಾವು ಪೇಟೆ ಕಡೆ ಹೊಲಿಗೆ ಕಾರ್ಖಾನೆಯವರು."

"ಇಲ್ಲೇ ಎರಡು ಸ್ಟಾಪ್ ಆಚೆ, ಮೀನು ಶೆಡ್ಡಲ್ಲಿ. ಮುಂಚೆ ನಿಮ್ಮ ಕಡೆನೇ ಹೊಲಿಗೆಗೆ ಬರ್ತಿದ್ದೆ. ಕಾಲರ್ ಕೆಲಸ, ಚೆನ್ನಾಗೇ ಮಾಡ್ತಿದ್ದೆ. ದಿನಾ ಲೇಟು ಅಂತ ಬಿಡಿಸಿಬಿಟ್ರು."

ಅವಳು ನಗುತ್ತಲೇ ಹೇಳಿದಳು. ಎಂಥ ಗಟ್ಟಿ ಹೆಣ್ಣು! ಕೇಳುತ್ತಿದ್ದ ವಿನ್ ಅಂಗಡಿಯ ಲೆಕ್ಕ ಬಿಟ್ಟು ಹೆಂಡತಿಯ ಕಡೆ ತಿರುಗಿದ. ಲಾಯ್ ಬೋಂಗ್‌ಳನ್ನು ಎತ್ತಿಕೊಂಡು ಆ ಹೆಂಗಸಿನ ಕೈಬೆರಳುಗಳನ್ನೇ ನೋಡುತ್ತಿದ್ದಳು.

"ನನ್ನ ಸ್ಪ್ಯಾನರ್ ಎಲ್ಲಿ ಬೇಕಾದ್ರೂ ಕೂತು ತಿರುಗುತ್ತೆ ಕಣೇ" ಎಂದ ವಿನ್. "ನಿನ್ನ ಮೆಷಿನ್ನು ಅಲ್ಲಿಂದ ಅಲ್ಲಾಡಲ್ಲ. ಈ ಮನೆ ನಮಗೆ ಬೇಡ." ಆಮೇಲೆ ಕ್ವೆನ್ ಅಕ್ಕನ ಕಡೆ ತಿರುಗಿ, "ಅಕ್ಕಾ, ನಂದೇ ತಪ್ಪು. ನೀವು ಹೇಳಿದ್ದೇ ಸರಿ" ಎಂದ, ಗಲ್ಲಿಗೆಲ್ಲ ಕೇಳುವಂತೆ. ಹೆಂಡತಿ, ಮಗಳು, ಗುರುತಿಲ್ಲದವರ ಎದುರು ಹಾಗೆ ಹೇಳಲು ಎಷ್ಟು ಗಂಡಸರಿಗೆ ಬಾಯಿ ಬರುತ್ತದೆ? ಹೇಳಿದವನು ದೊಡ್ಡವನೇ.

"ಮನೆದೇನೂ ತಪ್ಪಿಲ್ಲಪ್ಪಾ" ಎಂದಳು ಕ್ವೆನ್ ಅಕ್ಕ. "ಇಲ್ಲೇ ಕೆಲಸ ಇರೋರಿಗೆ ಹೊಂದಬಹುದು. ನಿಮಗೆ ಹೊಂದಲ್ಲ, ಅಷ್ಟೇ."

ಮುಂದಿನ ವಾರ ಕಾರ್ಖಾನೆಯ ಹಿಂದಿನ ಗಲ್ಲಿಯಲ್ಲಿ ಒಂದೇ ಕೋಣೆಯ ಮನೆ ಸಿಕ್ಕಿತು. ಅಡುಗೆಗೂ ಮಲಗುವುದಕ್ಕೂ ಅದೇ. ಬಾಡಿಗೆ ತುಸು ಹೆಚ್ಚು. ಈ ಸಲ ವಿನ್ ಬೆಳಗ್ಗೆ ಹೋದ, ಸಂಜೆ ಹೋದ, ಕತ್ತಲಾದ ಮೇಲೆ ಲಾಯ್ ಜೊತೆ ನಡೆದು ನೋಡಿದ. ನೀರು ಎಲ್ಲಿಯವರೆಗೆ ಬರುತ್ತದೆಂದು ಅಕ್ಕಪಕ್ಕದ ಹೆಂಗಸರನ್ನೇ ಕೇಳಿದ; ಹುಣ್ಣಿಮೆಗೂ ಗಲ್ಲಿ ಒಣಗಿಯೇ ಇರುತ್ತದೆ ಎಂದರು. ಹೋದಲ್ಲೆಲ್ಲ ದೀಪವಿತ್ತು, ಅಂಗಡಿಗಳು ತೆರೆದಿದ್ದವು. ಆಮೇಲಷ್ಟೇ ಅಡ್ವಾನ್ಸ್ ಕೊಟ್ಟ.

ಮುಂದಿನ ತಿಂಗಳು ಹುಟ್ಟುತ್ತಲೇ ಲಾಯ್ ಸೂಪರ್‌ವೈಸರ್ ಆದಳು. ಮೊದಲ ದಿನ ಎಲ್ಲರಿಗಿಂತ ಮುಂಚೆ ಗೇಟಿನಲ್ಲಿ ನಿಂತವಳು ಅವಳೇ.

ಮನೆ ಬದಲಾಯಿಸಲು ಹೊರಟಿರುವ ಅಕ್ಕ, ಅಣ್ಣಂದಿರೇ, ನೆಲ, ಗೋಡೆ, ಬಾಡಿಗೆ ನೋಡಿ, ಬೇಡವೆನ್ನುವುದಿಲ್ಲ. ಆದರೆ ಕೆಲಸಕ್ಕೆ ಹೋಗುವ ಹೊತ್ತಿಗೇ ಆ ದಾರಿಯಲ್ಲಿ ಒಮ್ಮೆ ಹೋಗಿ. ಕತ್ತಲಾದ ಮೇಲೆ ಒಮ್ಮೆ ನಡೆಯಿರಿ. ನೀರೇರುವ ಕಾಲದಲ್ಲಿ ಒಮ್ಮೆ ನಿಂತು ನೋಡಿ. ಅಲ್ಲಿನ ಹೆಂಗಸರನ್ನು ಕೇಳಿ. ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ದೂರ ಹೋಗಿ ದುಡಿದು, ಕತ್ತಲಲ್ಲಿ ಮನೆಗೆ ಮರಳುವವರು ಯಾರೋ, ಅವರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರು ಹೂಂ ಎನ್ನುವವರೆಗೆ ಅಡ್ವಾನ್ಸ್ ಕೊಡಬೇಡಿ.