ಗದ್ದ ಸ್ವಲ್ಪ ಎತ್ತಿ

ಹೇರಂಬ ಸರ್ ಸಾವಿನ ಮನೆಯ ಅಂಗಳದಲ್ಲಿ ಚಪ್ಪಲಿಗಳ ಮುಂದೆ ಮಂಡಿಯೂರಿದ್ದರು. ಮಾರಪ್ಪನನ್ನು ಕೊನೆಯದಾಗಿ ನೋಡಲು ಬಂದವರು ಬಿಟ್ಟ ಮೂವತ್ತು ನಲವತ್ತು ಜೊತೆಗಳ ನಡುವೆ ಒಂದು ಹವಾಯಿ ಚಪ್ಪಲಿ ಮಗುಚಿ ಬಿದ್ದಿತ್ತು. ಅದನ್ನು ಬೆರಳ ತುದಿಯಿಂದ ಇನ್ನಷ್ಟು ಓರೆ ಮಾಡಿ, ಕ್ಯಾಮೆರಾ ಕಣ್ಣಿಗಿಟ್ಟು ಕ್ಲಿಕ್ಕಿಸಿದರು.

"ಸಾವು ಹೆಣದಲ್ಲಿರೋದಿಲ್ಲ ಸುಪ್ರಿಯಾ," ಪಕ್ಕದಲ್ಲಿದ್ದ ಶಿಷ್ಯೆಗೆ ಪಿಸುಗುಟ್ಟಿದರು, "ಇಂಥದರಲ್ಲಿರತ್ತೆ."

"ಅದು ನಂದು," ಎಂದಳು ಹಿಂದೆ ನಿಂತಿದ್ದ ಪಕ್ಕದ ಮನೆಯ ದುಗ್ಗಮ್ಮ. "ಮುಗೀತಾ ಸರ್? ಹಾಕ್ಕಳನಾ?"

ಸುಪ್ರಿಯಾ ನಗು ನುಂಗಿಕೊಂಡಳು. ಸಾಗರದ ಕಾಲೇಜಿನಲ್ಲಿ ಕೊನೆಯ ವರ್ಷ ಓದುವ ಅವಳು ಒಂದು ವರ್ಷದಿಂದ ಭಾನುವಾರಗಳನ್ನು ಹೇರಂಬ ಸರ್‌ಗೆ ಒಪ್ಪಿಸಿದ್ದಳು. ವಾರವೆಲ್ಲ ವಾಣಿಜ್ಯಶಾಸ್ತ್ರ ಹೇಳುವ ಸರ್, ಭಾನುವಾರ ಕಪ್ಪು ಜುಬ್ಬಾ ತೊಟ್ಟು ಕಪ್ಪು-ಬಿಳುಪು ಫಿಲ್ಮಿನಲ್ಲಿ ಬೀದಿಯ ಫೋಟೋ ತೆಗೆಯುವುದನ್ನು ಕಲಿಸುತ್ತಿದ್ದರು. ಮೊಬೈಲಿನಲ್ಲಿ ಸಾವಿರ ಫೋಟೋ ತೆಗೆಯುವ ಕಾಲದಲ್ಲಿ ಮೂವತ್ತಾರಕ್ಕೆ ನಿಲ್ಲಿಸುವುದು ತಪಸ್ಸು ಎನ್ನುವುದು ಅವರ ಮಾತು. ತಪಸ್ಸಿಗೆ ನಿಯಮಗಳೂ ಇದ್ದವು: ಯಾರನ್ನೂ ಕೇಳಬಾರದು, ಯಾರನ್ನೂ ನಿಲ್ಲಿಸಬಾರದು, ಲೆನ್ಸ್ ನೋಡಿದವನ ಫೋಟೋ ಹರಿದು ಬಿಸಾಡಬೇಕು. ತಪಸ್ಸಿನ ಫಲ ಮಾತ್ರ ಸಾಗರದಲ್ಲಿ ಸಿಗುತ್ತಿರಲಿಲ್ಲ. ರೋಲುಗಳನ್ನು ಬಸ್ಸಿನಲ್ಲಿ ಹೊಸನಗರಕ್ಕೆ ತಂದು, ಸ್ಟುಡಿಯೋ ಮುಚ್ಚಿ ಮನೆಯಲ್ಲಿದ್ದ ಮಾರಪ್ಪನ ಬಚ್ಚಲಲ್ಲಿ ತೊಳೆಸಬೇಕಿತ್ತು.

ಆ ಮಾರಪ್ಪ ಈಗ ಅಂಗಳದ ಬೆಂಚಿನ ಮೇಲೆ ಮಲಗಿದ್ದ. ಬಾಯಿ ತೆರೆದುಕೊಳ್ಳದಂತೆ ಗದ್ದದಿಂದ ನೆತ್ತಿಗೆ ಬಿಳಿ ಬಟ್ಟೆ ಬಿಗಿದಿದ್ದರು.

*

ಸುಪ್ರಿಯಾಳ ಮೊದಲ ರೋಲನ್ನು ಮಾರಪ್ಪ ಇದೇ ಅಂಗಳಕ್ಕೆ ತಂದು, ಒದ್ದೆ ನೆಗೆಟಿವನ್ನು ಬಿಸಿಲಿಗೆ ಹಿಡಿದು ಓದಿದ್ದ.

"ಬೆನ್ನು. ಬೆನ್ನು. ಬೆನ್ನು. ಎಮ್ಮೆ. ಬೆನ್ನು." ಕನ್ನಡಕದ ಮೇಲಿಂದ ಅವಳನ್ನು ನೋಡಿದ. "ಸಾಗರದ ಜನಕ್ಕೆ ಮುಖ ಇಲ್ವನಾ ಮಾರಾಯ್ತಿ? ಎಮ್ಮೆ ಒಂದೇ ನಿನ್ ಕಡೆ ತಿರುಗಿದ್ದು."

"ತೆಗೆಯೋದು ಯಾರಿಗೂ ಗೊತ್ತಾಗಬಾರದು ಅಂತಾರೆ ಹೇರಂಬ ಸರ್."

"ಗೊತ್ತಾಗ್ದಂಗೆ ತಗಳದಕ್ಕೆ ಬೇರೆ ಹೆಸರಿದೆ. ಹೆದ್ರಿಕೆ ಅಂತ ಒಪ್ಕ, ಆತು. ಕಲೆ ಗಿಲೆ ಅನ್ಬೇಡ."

ಹೆದರಿಕೆಯೇ. ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ತಿರುಗಿದರೆ ಅವಳು ಕ್ಯಾಮೆರಾ ಇಳಿಸಿ ಬಸ್ಸಿನ ಬೋರ್ಡು ಓದುತ್ತಿದ್ದಳು.

ಎರಡನೆಯ ರೋಲು ಪೂರ್ತಿ ಖಾಲಿ ಬಂತು. ಮಾರಪ್ಪನಿಗೆ ಅದು ಹಬ್ಬವಾಯಿತು. ಅವಳ ಕ್ಯಾಮೆರಾ ಇಸಕೊಂಡು ಎಡಗಡೆಯ ಸಣ್ಣ ಚಕ್ರದ ಮೇಲೆ ಬೆರಳಿಟ್ಟ. "ಒಂದ್ ಫೋಟೋ ತೆಗೆದು ಸುತ್ತತೀಯಲ, ಆಗ ಇದು ತಿರುಗ್ತದಾ ನೋಡು. ತಿರುಗ್ಲಿಲ್ವಾ, ಒಳಗೆ ಫಿಲ್ಮು ಹಲ್ಲಿಗೆ ಸಿಕ್ಕಿಲ್ಲ. ನೀ ಗಾಳಿಗೆ ಫೋಟೋ ತೆಗೀತಿದೀಯ."

ಗಾಳಿಗೆ ತೆಗೆಯುವವನಲ್ಲ ಅವನು. ನಲವತ್ತು ವರ್ಷ ಸ್ಟೂಲಿನ ಮೇಲೆ ಜನರನ್ನು ಕೂರಿಸಿ, ಪಡಿತರ ಚೀಟಿಗೆ, ಹಾಲ್ ಟಿಕೆಟ್ಟಿಗೆ, ವೃದ್ಧಾಪ್ಯ ವೇತನಕ್ಕೆ ಮುಖ ತೆಗೆದಿದ್ದ. ಎಲ್ಲರಿಗೂ ಒಂದೇ ಮಾತು: ಗದ್ದ ಸ್ವಲ್ಪ ಎತ್ತಿ. ಗೇಣಿಯ ಒಡೆಯನೂ ಅವನಿಗೆ ಗೇಣಿ ಕೊಡುತ್ತಿದ್ದು ಕಾನೂನು ಬಂದ ಮೇಲೆ ಅದೇ ಭೂಮಿ ಪಡೆದವನೂ ಅದೇ ಸ್ಟೂಲಿನಲ್ಲಿ ಕೂತು ಅವನ ಮಾತಿಗೆ ತಲೆಯೆತ್ತಿದ್ದರು. "ಇಳಿಸಿದ್ರೆ ಕಳ್ಳ ಕಂಡಂಗೆ ಕಾಣ್ತಾನೆ. ಎತ್ತಿದ್ರೆ ಮನುಷ್ಯ. ಅಷ್ಟೇಯ ವಿದ್ಯೆ."

ಸಾವಿನ ಮನೆಗಳಿಗೂ ಅವನನ್ನೇ ಕರೆಯುತ್ತಿದ್ದರು. ಹೆಣವನ್ನು ಕುರ್ಚಿಯಲ್ಲಿ ಕೂರಿಸಿ, ಸುತ್ತ ಮನೆಯವರನ್ನು ನಿಲ್ಲಿಸಿ ಒಂದು ಫೋಟೋ. ಅವನ ತಾಯಿಯದೂ ಹಾಗೆಯೇ ಜಗುಲಿಯ ಗೋಡೆಯಲ್ಲಿತ್ತು. ಪಕ್ಕದಲ್ಲಿ ಆಗಷ್ಟೇ ಮದುವೆಯಾಗಿ ಬಂದಿದ್ದ ಅವನ ಹೆಂಡತಿ ಕನ್ನಮ್ಮ ಲೆನ್ಸನ್ನೇ ದುರುಗುಟ್ಟಿ ನೋಡುತ್ತಿದ್ದಳು. ಹೇರಂಬ ಸರ್ ಒಮ್ಮೆ ಅದನ್ನು ನೋಡಿ "ಛೆ, ಬರೀ ಪೋಸು" ಎಂದಿದ್ದರು. ಆ ಸಲ ಅವರ ರೋಲಿಗೆ ಮಾರಪ್ಪ ಎರಡು ವಾರ ಕಾಯಿಸಿದ.

*

ಹನ್ನೊಂದರ ಬಸ್ಸಿಗೆ ತೀರ್ಥಹಳ್ಳಿಯಿಂದ ಮಗಳು ಕುಮುದಾ ಬಂದಳು. ಅವಳ ಅಳು ಒಂದು ಹದಕ್ಕೆ ಬಂದ ಮೇಲೆ ಹಿರಿಯರು ಹೆಣ ಎತ್ತುವ ಮಾತಾಡಿದರು.

"ತಡೀರಿ," ಎಂದಳು ಕನ್ನಮ್ಮ. "ಒಂದು ಫೋಟೋ ಆಗ್ಲಿ. ಅತ್ತೇದು ತೆಗೆದಿದ್ರಲ್ಲ, ಹಂಗೆ."

ಅಳಿಯ ರಾಜು ಜೇಬಿನಿಂದ ಮೊಬೈಲ್ ತೆಗೆದ.

"ಅದ್ರಾಗೆ ಬೇಡ ರಾಜು. ಅವ್ರಿಗೆ ಅದು ಕಂಡ್ರೆ ಆಗ್ತಿರ್ಲಿಲ್ಲ." ಕನ್ನಮ್ಮ ಹೇರಂಬ ಸರ್ ಕಡೆ ತಿರುಗಿದಳು. "ನೀವು ತೆಗೀರಿ ಸರ್. ವರ್ಷಾನುಗಟ್ಲೆ ನಿಮ್ದು ತೊಳೆದು ಕೊಟ್ಟಿದಾರೆ."

"ಅಮ್ಮಾ, ಸಾಲಾಗಿ ನಿಂತರೆ ಪೋಸಾಗತ್ತೆ. ನಮ್ಮ ಶೈಲಿ ಬೇರೆ." ಸರ್ ದನಿಯಲ್ಲಿ ಪಾಠದ ಸೌಜನ್ಯವಿತ್ತು. "ನಿಮ್ಮ ಪಾಡಿಗೆ ನೀವು ಅಳ್ತಾ ಇರಿ. ನಾನು ತಗೋತೀನಿ."

"ಅತ್ತು ಆತು ಸರ್."

"ನನ್ ಚಪ್ಪಲಿಗೆ ಶೈಲಿ ಇತ್ತನಾ ಹಂಗಾರೆ?" ಎಂದಳು ದುಗ್ಗಮ್ಮ, ಯಾರಿಗೂ ಅಲ್ಲವೆಂಬಂತೆ.

ಸರ್ ಕನ್ನಮ್ಮನ ಮುಖವನ್ನು ಪಕ್ಕದಿಂದ ಒಂದು ಕ್ಲಿಕ್ಕಿಸಿ ಫಿಲ್ಮ್ ಸುತ್ತಿದರು. ಸುಪ್ರಿಯಾಳ ಕಣ್ಣು ಅಭ್ಯಾಸಬಲದಿಂದ ಅವರ ಕ್ಯಾಮೆರಾದ ಎಡಗಡೆಯ ಚಕ್ರಕ್ಕೆ ಹೋಯಿತು. ಅದು ಅಲುಗಲಿಲ್ಲ. ಸರ್ ಸಾವಿನ ಮನೆಯ ಮುಂದೆ ಹಚ್ಚಿದ ಬೆಂಕಿಯ ಹೊಗೆಯನ್ನು ಕ್ಲಿಕ್ಕಿಸಿ ಸುತ್ತಿದರು. ಆಗಲೂ ಅಲುಗಲಿಲ್ಲ. ಬೆಳಗಿನಿಂದ ಚಪ್ಪಲಿ, ಹೊಗೆ, ಕಾಗೆ, ಕಣ್ಣೀರು ಎಲ್ಲವೂ ಗಾಳಿಗೇ ಹೋಗಿದ್ದವು. ಹೇಳಲು ಬಾಯಿ ತೆರೆದಳು. ಮಗುಚಿದ ಚಪ್ಪಲಿಯನ್ನು ಅವರು ಬೆರಳಿಂದ ಓರೆ ಮಾಡಿದ್ದು ನೆನಪಾಗಿ ಮುಚ್ಚಿದಳು.

ನಾಲ್ಕು ಜನ ಬೆಂಚಿನ ಕಡೆ ನಡೆದರು. ಇನ್ನು ಎತ್ತಿಬಿಟ್ಟರೆ ಮುಗಿಯಿತು. ಕನ್ನಮ್ಮ ಗೋಡೆಯ ಫೋಟೋವನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು.

ಸುಪ್ರಿಯಾಳ ಕ್ಯಾಮೆರಾದಲ್ಲಿ ಇನ್ನೂ ಮೂರು ಉಳಿದಿದ್ದವು. ಹಿಂದಿನ ಮೂವತ್ತಮೂರೂ ಬೆನ್ನುಗಳು.

"ನಾನು ತೆಗೀತೀನಿ ಅಮ್ಮ."

"ಸುಪ್ರಿಯಾ," ಎಂದರು ಸರ್, "ಇಂಥದ್ದನ್ನ ನಾನು ನಮ್ಮ ಕಾಲೇಜಿನ ಫೋಟೋ ಪ್ರದರ್ಶನಕ್ಕೆ ಸೇರಿಸೋದಿಲ್ಲ."

"ಸೇರಿಸಬೇಡಿ ಸರ್." ಅವಳು ಕನ್ನಮ್ಮನ ಕಡೆ ತಿರುಗಿದಳು. "ಆದರೆ ಅಮ್ಮ, ತೊಳೆಯೋರು ಯಾರು?"

"ಬಚ್ಚಲು ಎಲ್ಲೂ ಹೋಗಿಲ್ಲ," ಎಂದಳು ಕನ್ನಮ್ಮ. "ಔಷಧಿ ನೀರಿನ ಹದ ನಲವತ್ತು ವರ್ಷ ಮಾಡಿದ್ದು ನಾನೇಯ. ಕತ್ತಲಲ್ಲಿ ಮಾಡದು ನೀ ಮಾಡು."

ಮಾರಪ್ಪನನ್ನು ಕುರ್ಚಿಗೆ ಕೂರಿಸಿ ಪಂಚೆ ಸರಿಮಾಡಿದರು. ಕನ್ನಮ್ಮ ಬಲಕ್ಕೆ, ಕುಮುದಾ ಎಡಕ್ಕೆ, ಹಿಂದೆ ರಾಜು, ಚಪ್ಪಲಿ ಹಾಕಿಕೊಂಡ ದುಗ್ಗಮ್ಮ, ಊರವರು. ನಿಂತವರೆಲ್ಲರ ತಲೆ ಎದೆಗೆ ಬಾಗಿತ್ತು. ಸುಪ್ರಿಯಾ ಕ್ಯಾಮೆರಾ ಕಣ್ಣಿಗಿಟ್ಟಳು. ಮೊಣಕೈಗಳನ್ನು ಪಕ್ಕೆಗೆ ಒತ್ತಿ ಹಿಡಿದಳು. ಓದಲು ಇಲ್ಲಿ ಬಸ್ಸಿನ ಬೋರ್ಡು ಇರಲಿಲ್ಲ.

"ಎಲ್ರೂ ಗದ್ದ ಸ್ವಲ್ಪ ಎತ್ತಿ," ಎಂದಳು.

ಒಂದೊಂದಾಗಿ ಮುಖಗಳು ಮೇಲೆದ್ದವು. ಕುಮುದಾ ಕಣ್ಣೊರೆಸಿಕೊಂಡು ಎತ್ತಿದಳು. ಕನ್ನಮ್ಮ ಲೆನ್ಸನ್ನೇ ದುರುಗುಟ್ಟಿದಳು. ಬಲಗಡೆಯ ಕೊನೆಯಲ್ಲಿ, ಯಾವಾಗ ಬಂದು ಸೇರಿಕೊಂಡರೋ, ಹೇರಂಬ ಸರ್ ಕ್ಯಾಮೆರಾವನ್ನು ಎದೆಯ ಮೇಲೆ ಕಾಣುವಂತೆ ಹೊಂದಿಸಿಕೊಂಡು, ಎಲ್ಲರಿಗಿಂತ ಎತ್ತರಕ್ಕೆ ಗದ್ದ ಎತ್ತಿ ನಿಂತಿದ್ದರು.

ನಡುವೆ, ಕುರ್ಚಿಯಲ್ಲಿ, ಗದ್ದಕ್ಕೆ ಬಿಳಿ ಬಟ್ಟೆ ಬಿಗಿದ ಮಾರಪ್ಪನಿಗೆ ಮಾತ್ರ ಯಾರೂ ಹೇಳಬೇಕಾಗಿರಲಿಲ್ಲ.